ಎರಡೂವರೆ ಇಂಚಿಗೆ ಮೂರು ವಾರಾಂತ್ಯ

ಅಮೆರಿಕದ ಕೊಲರಾಡೊ ರಾಜ್ಯದ ಲೆಡ್‌ವಿಲ್ ಊರಿನಿಂದ ಪೂರ್ವಕ್ಕೆ ಒಂದು ಕಚ್ಚಾ ರಸ್ತೆ ಬೆಟ್ಟ ಹತ್ತುತ್ತದೆ. ಮಾಸ್ಕಿಟೊ ಪಾಸ್ ಅಂತ ಹೆಸರು. ತುದಿಯಲ್ಲಿ 13,185 ಅಡಿ ಎತ್ತರ. ವರ್ಷದ ಬಹುಪಾಲು ಹಿಮ ಮುಚ್ಚಿರುತ್ತದೆ, ಬೇಸಿಗೆಯಲ್ಲಿ ಮಾತ್ರ ಗಾಡಿ ಹೋಗುತ್ತದೆ. ಎರಡು ವರ್ಷದ ಹಿಂದೆ ಆಗಸ್ಟ್‌ನಲ್ಲಿ ಅಲ್ಲಿ ಹತ್ತುವಾಗ ನನ್ನ ಟೊಯೋಟಾ ಟಕೋಮಾ ಪಿಕಪ್‌ನ ಹೊಟ್ಟೆಗೆ ಕಲ್ಲು ಬಡಿಯಿತು. ಧಡ್ ಅಂತ ಒಂದು ಪೆಟ್ಟು, ಆಮೇಲೆ ಕಬ್ಬಿಣ ಕಲ್ಲಿಗೆ ಉಜ್ಜುವ ಸದ್ದು. ಆ ಸದ್ದು ಕಿವಿಗಿಂತ ಮೊದಲು ಪಾದಕ್ಕೆ ಗೊತ್ತಾಗುತ್ತದೆ. ಇಳಿದು ಬಗ್ಗಿ ನೋಡಿದೆ. ಇಂಜಿನ್ ಕೆಳಗಿನ ದಪ್ಪ ತಗಡು, ಸ್ಕಿಡ್ ಪ್ಲೇಟ್ ಅಂತಾರಲ್ಲ ಅದು, ಅಂಗೈ ಅಗಲ ಒಳಕ್ಕೆ ಹೋಗಿತ್ತು. ಎಣ್ಣೆ ಸೋರುತ್ತಿರಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ಮಗಳಿದ್ದಳು, ಫೋನಿಗೆ ಸಿಗ್ನಲ್ ಇರಲಿಲ್ಲ. ಜಾಗ ಸಿಕ್ಕ ಕಡೆ ತಿರುಗಿಸಿಕೊಂಡು ವಾಪಸ್ ಬಂದೆ.

ಗಾಡಿ ಎತ್ತರಿಸುವ ಯೋಚನೆ ಅವತ್ತೇ ಶುರುವಾಯಿತು. ನನ್ನದು 2012ರ ಗಾಡಿ. ನಾಲ್ಕು ಬಾಗಿಲು, 4.0 ಲೀಟರ್ ವಿ6 ಇಂಜಿನ್, ಫೋರ್ ವೀಲ್ ಡ್ರೈವ್. ನಮ್ಮ ಮನೆ ಡೆನ್ವರ್ ಪಕ್ಕದ ಅರೋರಾದಲ್ಲಿ. ಈ ಕಡೆ ಎತ್ತರಿಸಿದ ಪಿಕಪ್ ಬೇಕಾದಷ್ಟು ಕಾಣುತ್ತವೆ. ಕೇಳಿದರೆ ಒಬ್ಬೊಬ್ಬರು ಒಂದೊಂದು ದಾರಿ ಹೇಳುತ್ತಾರೆ.

ಬಾಡಿ ಲಿಫ್ಟ್ ಅಂತ ಒಂದಿದೆ. ಬಾಡಿಗೂ ಚಾಸಿಗೂ ನಡುವೆ ಬಿಲ್ಲೆ ಇಡುತ್ತಾರೆ. ಗಾಡಿ ಎತ್ತರ ಕಾಣುತ್ತದೆ, ಆದರೆ ಚಾಸಿ ಇದ್ದಲ್ಲೇ ಇರುತ್ತದೆ. ಕಲ್ಲು ಬಡಿಯುವುದು ಚಾಸಿಯ ಮಟ್ಟದಲ್ಲಿ. ಹಾಗಾಗಿ ನನಗೆ ಅದರಿಂದ ಪ್ರಯೋಜನ ಇರಲಿಲ್ಲ. ಸ್ಪೇಸರ್ ಇನ್ನೊಂದು ದಾರಿ. ಮುಂದಿನ ಸ್ಪ್ರಿಂಗಿನ ತಲೆಯ ಮೇಲೆ ಒಂದು ಲೋಹದ ಬಿಲ್ಲೆ ಕೂರಿಸುತ್ತಾರೆ. ಅಗ್ಗ, ಅರ್ಧ ದಿನದ ಕೆಲಸ. ಎತ್ತರವೇನೋ ಸಿಗುತ್ತದೆ, ಆದರೆ ಒಳಗಿರುವುದು ಹಳೆಯ ಶಾಕ್ ಅಬ್ಸಾರ್ಬರೇ. ನನ್ನ ಗಾಡಿಯ ಶಾಕ್‌ಗಳು ಆಗಲೇ 1,10,000 ಮೈಲಿ ಓಡಿದ್ದವು. ಸ್ಪ್ರಿಂಗ್, ಶಾಕ್ ಎರಡನ್ನೂ ಬದಲಿಸುವ ಪೂರ್ತಿ ಕಿಟ್ ಹಾಕುವುದು ಅಂತ ತೀರ್ಮಾನಿಸಿದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಜಾಸ್ತಿ ಜನ ಇಲ್ಲಿ ತಪ್ಪು ತಿಳಿದಿರುತ್ತಾರೆ. ಸಸ್ಪೆನ್ಷನ್ ಎತ್ತರಿಸಿದರೆ ಹಿಂದಿನ ಆಕ್ಸಲ್ ಒಂದು ಕೂದಲೆಳೆಯಷ್ಟೂ ಮೇಲೆ ಹೋಗುವುದಿಲ್ಲ. ಅದು ಚಕ್ರಕ್ಕೆ ಕಟ್ಟಿಕೊಂಡಿರುವ ಭಾಗ. ಅದರ ಕೆಳಗೆ ಜಾಗ ಬೇಕಾದರೆ ಟೈರನ್ನೇ ದೊಡ್ಡದು ಹಾಕಬೇಕು. ಮೇಲೆ ಹೋಗುವುದು ಚಾಸಿ, ಇಂಜಿನ್ನಿನ ಹೊಟ್ಟೆ, ಬಾಗಿಲ ಕೆಳಗಿನ ಅಂಚು. ನನಗೆ ಪೆಟ್ಟು ಬಿದ್ದದ್ದು ಅಲ್ಲಿಗೇ, ಆದ್ದರಿಂದ ಕಿಟ್ ಸರಿಯಾದ ಔಷಧಿ. ಜೊತೆಗೆ 265/70 ಆರ್16 ಟೈರಿನ ಬದಲು 265/75 ಆರ್16 ತೆಗೆದುಕೊಂಡೆ. ವ್ಯಾಸ ಸುಮಾರು ಒಂದು ಇಂಚು ಜಾಸ್ತಿ. ಅಂದರೆ ಆಕ್ಸಲ್ ಕೆಳಗೆ ಅರ್ಧ ಇಂಚು ಸಿಗುತ್ತದೆ. ಇದರಿಂದ ಸ್ಪೀಡೋಮೀಟರ್ ಶೇಕಡಾ 3ರಷ್ಟು ಕಮ್ಮಿ ತೋರಿಸುತ್ತದೆ, ಅದು ನೆನಪಿರಬೇಕು.

ಕಿಟ್ ಓಲ್ಡ್ ಮ್ಯಾನ್ ಎಮು, ಆಸ್ಟ್ರೇಲಿಯಾದ ಎಆರ್‌ಬಿಯವರದು. ಇದೇ ಯಾಕೆ ಅಂದರೆ, ಅವರು ಮುಂದಿನ ಸ್ಪ್ರಿಂಗನ್ನು ಭಾರಕ್ಕೆ ತಕ್ಕಂತೆ ಬೇರೆ ಬೇರೆ ಗಡಸಿನಲ್ಲಿ ಕೊಡುತ್ತಾರೆ. ಮುಂದೆ ಕಬ್ಬಿಣದ ಬಂಪರ್, ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್ ಇದ್ದರೆ ಒಂದು ಸ್ಪ್ರಿಂಗ್, ಏನೂ ಇಲ್ಲದಿದ್ದರೆ ಇನ್ನೊಂದು. ಭಾರ ಇಲ್ಲದ ಗಾಡಿಗೆ ಗಡಸು ಸ್ಪ್ರಿಂಗ್ ಹಾಕಿದರೆ ಬೇಕಾದ್ದಕ್ಕಿಂತ ಜಾಸ್ತಿ ಎತ್ತರ ನಿಲ್ಲುತ್ತದೆ, ಸಣ್ಣ ಗುಂಡಿಗೂ ಕುಲುಕುತ್ತದೆ. ನನ್ನ ಗಾಡಿಗೆ ಕಂಪನಿಯ ಬಂಪರೇ ಇತ್ತು, ಹಗುರದ್ದು ತೆಗೆದುಕೊಂಡೆ. ಹಿಂದಕ್ಕೆ ಪೂರ್ತಿ ಹೊಸ ಸ್ಪ್ರಿಂಗ್ ಪ್ಲೇಟ್ ಸೆಟ್, ಆ ಪ್ಲೇಟನ್ನು ಆಕ್ಸಲಿಗೆ ಬಿಗಿಯುವ ಹೊಸ ಯು ಬೋಲ್ಟ್, ಹೊಸ ಶಾಕ್.

ಚಳಿಗಾಲದಲ್ಲಿ ಕೊಲರಾಡೊದ ರಸ್ತೆಗೆ ಹಿಮ ಕಟ್ಟದಿರಲಿ ಅಂತ ಮೆಗ್ನೀಷಿಯಂ ಕ್ಲೋರೈಡ್ ದ್ರಾವಣ ಸುರಿಯುತ್ತಾರೆ. ಅದು ಗಾಡಿಯ ಅಡಿಗೆ ಅಂಟಿ ಬೋಲ್ಟುಗಳಿಗೆ ತುಕ್ಕು ಹಿಡಿಸುತ್ತದೆ. ಅದಕ್ಕೇ ಕೆಲಸಕ್ಕೆ ಒಂದು ವಾರ ಮೊದಲಿನಿಂದ ದಿನಾ ಸಂಜೆ ಗಾಡಿಯ ಕೆಳಗೆ ಮಲಗಿ, ಬಿಚ್ಚಬೇಕಾದ ಪ್ರತಿ ನಟ್ಟಿಗೂ ತುಕ್ಕು ಸಡಿಲಿಸುವ ಎಣ್ಣೆ ಹೊಡೆದೆ. ಕೆಲಸ ಶುರು ಮಾಡುವ ಬೆಳಿಗ್ಗೆ ನಾಲ್ಕು ಚಕ್ರದ ಹತ್ತಿರವೂ ಅಳತೆ ತೆಗೆದೆ. ಚಕ್ರದ ನಟ್ಟನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ. ನೆಲದಿಂದ ಅಳೆದರೆ ಟೈರಿನ ಗಾಳಿ ಹೆಚ್ಚುಕಮ್ಮಿ ಆದಾಗ ಲೆಕ್ಕ ತಪ್ಪುತ್ತದೆ. ಮುಂದೆ ಎಡಕ್ಕೆ 19 ಮುಕ್ಕಾಲು ಇಂಚು, ಬಲಕ್ಕೆ 20. ಹಿಂದೆ ಎರಡೂ ಕಡೆ 21 ಕಾಲು.

ಸಹಾಯಕ್ಕೆ ಬಂದವನು ತಿಪಟೂರಿನ ಗೆಳೆಯ. ಇಲ್ಲೇ ಹತ್ತು ನಿಮಿಷದ ದಾರಿಯಲ್ಲಿ ಅವನ ಮನೆ. ಶನಿವಾರ ಬೆಳಿಗ್ಗೆ ಏಳಕ್ಕೆ ಫ್ಲಾಸ್ಕಿನಲ್ಲಿ ಕಾಫಿ ಹಿಡಿದುಕೊಂಡು ಬಂದ. "ಗುರು, ಮೊದಲು ಜಾಕ್ ಸ್ಟ್ಯಾಂಡ್ ತೋರಿಸು, ಆಮೇಲೆ ಕಾಫಿ" ಅಂದ. ಆ ಮಾತು ನನಗೆ ತುಂಬಾ ಇಷ್ಟವಾಯಿತು. ಬರೀ ಜಾಕಿ ನಂಬಿ ಯಾರೂ ಗಾಡಿಯ ಕೆಳಗೆ ಹೋಗಬಾರದು. ಚಾಸಿಯ ಎರಡೂ ಕಡೆ ಸ್ಟ್ಯಾಂಡ್ ಕೊಟ್ಟೆವು, ಬಿಚ್ಚಿದ ಚಕ್ರಗಳನ್ನೂ ಚಾಸಿಯ ಕೆಳಗೆ ಮಲಗಿಸಿದೆವು. ಆಮೇಲೆ ಗಾಡಿಯನ್ನು ಪಕ್ಕದಿಂದ ಜೋರಾಗಿ ತಳ್ಳಿ, ಅಲ್ಲಾಡುತ್ತದಾ ನೋಡಿದೆವು.

ಮುಂದಿನ ಸಸ್ಪೆನ್ಷನ್ನಿನಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಜೋಡಣೆ. ಮೇಲೆ ಮೂರು ನಟ್ಟು, ಕೆಳಗೆ ಒಂದು ಬೋಲ್ಟ್. ಆ ಮೂರು ನಟ್ಟುಗಳ ನಡುವೆ ಇನ್ನೊಂದು ನಟ್ಟು ಕಾಣುತ್ತದೆ. ಅದನ್ನು ಮಾತ್ರ ಮುಟ್ಟಲೇಬಾರದು. ಅದರ ಕೆಳಗೆ ಸ್ಪ್ರಿಂಗ್ ಒತ್ತಿಕೊಂಡು ಕೂತಿರುತ್ತದೆ. ಬಿಚ್ಚಿದರೆ ಅಷ್ಟೂ ಬಲ ಒಂದೇ ಸಲ ಹೊರಗೆ ಚಿಮ್ಮುತ್ತದೆ, ಕೈ ಹೋಗಬಹುದು, ಜೀವವೂ ಹೋಗಬಹುದು. ಬಾಡಿಗೆಗೆ ಸಿಗುವ ಸ್ಪ್ರಿಂಗ್ ಕಂಪ್ರೆಸರ್ ತಂದು ಮನೆಯಲ್ಲೇ ಜೋಡಿಸುವವರಿದ್ದಾರೆ. ನಾನು ಒಪ್ಪಲಿಲ್ಲ. ಹೊಸ ಸ್ಪ್ರಿಂಗ್, ಹೊಸ ಶಾಕ್ ಎರಡನ್ನೂ ಮೊದಲೇ ವರ್ಕ್‌ಶಾಪಿಗೆ ಕೊಟ್ಟು, ಗೋಡೆಗೆ ಕೂರಿಸಿದ ದೊಡ್ಡ ಯಂತ್ರದಲ್ಲಿ ಜೋಡಿಸಿ ತಂದಿದ್ದೆ. ಕೊಟ್ಟ 80 ಡಾಲರ್ ಪೂರ್ತಿ ಸಾರ್ಥಕ.

ತಿರುವಿನಲ್ಲಿ ಗಾಡಿ ವಾಲದಂತೆ ಎರಡೂ ಚಕ್ರಗಳನ್ನು ಜೋಡಿಸುವ ಕಂಬಿ, ಸ್ಟೆಬಿಲೈಜರ್ ಬಾರನ್ನು, ಎರಡೂ ಕಡೆ ಬಿಚ್ಚಿದೆವು. ಒಂದೇ ಕಡೆ ಬಿಚ್ಚಿದರೆ ಇನ್ನೊಂದು ಕಡೆಯಿಂದ ಎಳೆದುಕೊಂಡು ಕೆಲಸಕ್ಕೆ ಅಡ್ಡ ಬರುತ್ತದೆ. ಬ್ರೇಕ್ ಹೋಸಿನ ಕ್ಲಿಪ್, ಎಬಿಎಸ್ ವೈರಿನ ಕ್ಲಿಪ್ ಬಿಡಿಸಿದೆವು. ಲೋವರ್ ಬಾಲ್ ಜಾಯಿಂಟ್ ಹಿಡಿದಿರುವ ಎರಡು ಬೋಲ್ಟ್ ತೆಗೆದ ಕೂಡಲೇ ಚಕ್ರ ಕೂರುವ ಕಬ್ಬಿಣದ ಭಾಗ, ಅಂದರೆ ನಕಲ್, ಹೊರಗೆ ವಾಲುತ್ತದೆ. ಇಲ್ಲಿ ಎರಡು ಎಚ್ಚರಿಕೆ ಬೇಕು. ನಕಲ್ ಹೊರಗೆ ಎಳೆದರೆ ಆಕ್ಸಲಿನ ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತದೆ. ಭಾರವೆಲ್ಲ ಬ್ರೇಕ್ ಹೋಸಿನ ಮೇಲೆ ಬಿದ್ದರೆ ಹೋಸ್ ಒಳಗೇ ಸೀಳುತ್ತದೆ, ಹೊರಗೆ ಕಾಣುವುದೇ ಇಲ್ಲ. ಚಾಸಿಯಿಂದ ಚಕ್ರದ ಕಡೆಗೆ ಚಾಚಿರುವ ಕಬ್ಬಿಣದ ತೋಳಿಗೆ ಆರ್ಮ್ ಅಂತಾರೆ, ಮೇಲೊಂದು ಕೆಳಗೊಂದು. ಹಾಗಾಗಿ ನಕಲನ್ನು ಮೇಲಿನ ಆರ್ಮ್‌ಗೆ ಪಟ್ಟಿಯಿಂದ ಬಿಗಿದು ಕಟ್ಟಿದೆವು.

ಹಳೆಯದು ಸಲೀಸಾಗಿ ಬಂತು. ಹೊಸದು ಉದ್ದ, ಸುಲಭಕ್ಕೆ ಕೂರಲಿಲ್ಲ. ಮೇಲಿನ ಮೂರು ಸ್ಟಡ್ ತೂತಿಗೆ ಹಾಕಿ ನಟ್ಟು ಎರಡು ಸುತ್ತು ಹಿಡಿಸಿದ ಮೇಲೆ, ಲೋವರ್ ಆರ್ಮನ್ನು ಕೆಳಗೆ ಒತ್ತಬೇಕು. ಗೆಳೆಯ ಉದ್ದದ ಹಾರೆಯನ್ನು ಆರ್ಮಿನ ಮೇಲಿಟ್ಟು ಭಾರ ಬಿಟ್ಟ. ನಾನು ಕೆಳಗೆ ಮಲಗಿ ತೂತಿನೊಳಗೆ ಸ್ಕ್ರೂಡ್ರೈವರ್ ತೂರಿಸಿ ನೇರ ಮಾಡುತ್ತಿದ್ದೆ. "ಇನ್ನೊಂಚೂರು, ಇನ್ನೊಂಚೂರು" ಅಂತ ನಾನು, "ಹೇಳು ಮಾರಾಯ, ಆಯ್ತಾ" ಅಂತ ಅವನು. ಬೆರಳನ್ನು ಮಾತ್ರ ಆ ತೂತಿಗೆ ಹಾಕಬಾರದು. ಹಾರೆ ಜಾರಿದರೆ ಬೆರಳು ಹೋದ ಹಾಗೇ. ಇಪ್ಪತ್ತು ನಿಮಿಷದ ಮೇಲೆ ಬೋಲ್ಟ್ ಟಕ್ ಅಂತ ಒಳಗೆ ಹೋಯಿತು. ಮೇಲಿನ ನಟ್ಟು 47 ಫುಟ್-ಪೌಂಡ್, ಕೆಳಗಿನ ಬೋಲ್ಟ್ 61, ಬಾಲ್ ಜಾಯಿಂಟಿನ ಬೋಲ್ಟ್ 118. ಬಿಗಿ ಎಷ್ಟು ಅಂತ ಅಳೆದು ತೋರಿಸುವ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೂ ಹಳದಿ ಪೇಂಟ್ ಪೆನ್ನಿನಿಂದ ಒಂದು ಗೆರೆ, ನಟ್ಟಿನಿಂದ ಪಕ್ಕದ ಕಬ್ಬಿಣದವರೆಗೆ. ಮುಂದೆ ಯಾವತ್ತಾದರೂ ನಟ್ಟು ಸಡಿಲಾದರೆ ಗೆರೆ ಮುರಿದು ಕಾಣುತ್ತದೆ. ಗೆರೆ ಎಳೆಯುವ ಕೆಲಸವನ್ನು ಮಗಳು ತೆಗೆದುಕೊಂಡಳು. ಅವಳಿಗೆ ಒಂಬತ್ತು ವರ್ಷ. ಗಾಡಿಯ ಪಕ್ಕದಲ್ಲಿ ಕೂತು ಕೈ ಚಾಚಿ, ಉಸಿರು ಬಿಗಿ ಹಿಡಿದು, ಒಂದೊಂದೇ ಗೆರೆ ನೆಟ್ಟಗೆ ಎಳೆದಳು.

ಎಡ, ಬಲ ಎರಡೂ ಮುಗಿದಾಗ ಭಾನುವಾರ ಮಧ್ಯಾಹ್ನ. ಹಿಂದಿನ ಕೆಲಸ ಮುಂದಿನ ವಾರಕ್ಕೆ ಬಿಟ್ಟೆವು. ಆ ಐದು ದಿನ ಗಾಡಿ ಮೂತಿ ಎತ್ತಿಕೊಂಡು ನಿಂತಿತ್ತು. ಅದನ್ನು ರಸ್ತೆಗೆ ತೆಗೆಯಲಿಲ್ಲ, ಆಫೀಸಿಗೆ ಬಸ್ಸಿನಲ್ಲಿ ಹೋದೆ.

ಎರಡನೇ ಶನಿವಾರ ಹಿಂದಿನ ಪ್ಲೇಟ್. ಚಾಸಿಗೆ ಸ್ಟ್ಯಾಂಡ್, ಆಕ್ಸಲಿಗೆ ಜಾಕಿ. ಶಾಕ್ ಬಿಚ್ಚಿ, ಯು ಬೋಲ್ಟ್ ಬಿಚ್ಚಿ, ಆಕ್ಸಲನ್ನು ನಿಧಾನಕ್ಕೆ ಇಳಿಸಿದೆವು, ಒಂದು ಕಣ್ಣು ಬ್ರೇಕ್ ಹೋಸಿನ ಮೇಲೆ ಇಟ್ಟುಕೊಂಡೇ. ಬಲಗಡೆ ಒಂದು ಗಂಟೆಯಲ್ಲಿ ಮುಗಿಯಿತು. ಎಡಗಡೆ ಪ್ಲೇಟಿನ ಮುಂದಿನ ಬೋಲ್ಟ್ ಒಳಮುಖವಾಗಿ ಬರಬೇಕು, ಆದರೆ ಅಲ್ಲಿ ಪೆಟ್ರೋಲ್ ಟ್ಯಾಂಕ್ ಅಡ್ಡ. ಟ್ಯಾಂಕ್ ಕೆಳಗೆ ಹಲಗೆ ಇಟ್ಟು, ಜಾಕಿಯಲ್ಲಿ ಹಿಡಿದು, ಅದರ ಪಟ್ಟಿ ಸಡಿಲಿಸಿ ಎರಡು ಇಂಚು ಇಳಿಸಿದ ಮೇಲೆ ಬೋಲ್ಟ್ ಹೊರಗೆ ಬಂತು. ಇದು ಗೊತ್ತಿದ್ದರಿಂದ ಟ್ಯಾಂಕನ್ನು ಮೊದಲೇ ಮುಕ್ಕಾಲು ಪಾಲು ಖಾಲಿ ಮಾಡಿಕೊಂಡಿದ್ದೆ. ವಾಪಸ್ ಹಾಕುವಾಗ ಬೋಲ್ಟನ್ನು ಹೊರಗಿನಿಂದ ಒಳಕ್ಕೆ ಹಾಕಿದೆ. ಮುಂದೆ ಬಿಚ್ಚುವವರಿಗೆ ಟ್ಯಾಂಕ್ ಇಳಿಸುವ ಗೋಳು ಇರುವುದಿಲ್ಲ.

ಹೊಸ ಪ್ಲೇಟ್ ಸೆಟ್ ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರ. ಅದರ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಮೇಲಿನ ಗುಳಿಯಲ್ಲಿ ಸರಿಯಾಗಿ ಕೂತರೆ ಮಾತ್ರ ಆಕ್ಸಲ್ ನೇರ ನಿಲ್ಲುತ್ತದೆ. ಕೂತಿದೆಯಾ ಅಂತ ಟಾರ್ಚ್ ಹಿಡಿದು ನೋಡುತ್ತಿದ್ದಾಗ ಸಾಗರದಿಂದ ಚಿಕ್ಕಪ್ಪನ ವಿಡಿಯೊ ಕಾಲ್ ಬಂತು. ಅಲ್ಲಿ ರಾತ್ರಿ. ಚಿಕ್ಕಪ್ಪ ಇಪ್ಪತ್ತು ವರ್ಷ ಟಾಟಾ 407 ಓಡಿಸಿದವರು, ಅಡಿಕೆ, ಗೊಬ್ಬರ, ಇಟ್ಟಿಗೆ ಎಲ್ಲ ಹೊತ್ತವರು. ಫೋನನ್ನು ಗಾಡಿಯ ಕೆಳಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ಹೇಳಿದರು: "ತಮ್ಮಾ, ಶ್ಯಾಕಲ್ ಬೋಲ್ಟ್ ಈಗಲೇ ಬಿಗಿ ಮಾಡಬೇಡ. ಕೈಯಲ್ಲಿ ಹಿಡಿಸಿ ಬಿಡು. ಗಾಡಿ ನೆಲಕ್ಕಿಳಿಸಿ ಭಾರ ಬಿದ್ದ ಮೇಲೆ ಬಿಗಿ ಮಾಡು. ಇಲ್ದಿದ್ರೆ ಬುಷ್ ಹರಿದು ಹೋಗ್ತದೆ."

ಶ್ಯಾಕಲ್ ಅಂದರೆ ಪ್ಲೇಟಿನ ಹಿಂದಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ. ಕಿಟ್‌ನ ಜೊತೆ ಬಂದ ಹಾಳೆಯಲ್ಲೂ ಇದೇ ಇತ್ತು. ಆದರೆ ಯಾಕೆ ಅಂತ ಚಿಕ್ಕಪ್ಪ ಕೈ ತಿರುಚಿ ತೋರಿಸಿದಾಗ ಅರ್ಥವಾಯಿತು. ರಬ್ಬರ್ ಬುಷ್‌ ಬಿಗಿ ಮಾಡಿದ ಜಾಗದಲ್ಲೇ ಕಚ್ಚಿಕೊಳ್ಳುತ್ತದೆ. ಪ್ಲೇಟ್ ಜೋತು ಬಿದ್ದಿರುವಾಗ ಬಿಗಿ ಮಾಡಿದರೆ, ಗಾಡಿ ನೆಲಕ್ಕೆ ಬಂದ ಕ್ಷಣದಿಂದ ಆ ರಬ್ಬರ್ ತಿರುಚಿಕೊಂಡೇ ಬದುಕಬೇಕು. ಸವಾರಿ ಗಡಸಾಗುತ್ತದೆ, ಬುಷ್ ಬೇಗ ಸೀಳುತ್ತದೆ. ಚಕ್ರ ಹಾಕಿ, ಗಾಡಿ ಇಳಿಸಿ, ಹಿಂದಿನ ಬಂಪರಿನ ಮೇಲೆ ನಾವಿಬ್ಬರೂ ನಿಂತು ನಾಲ್ಕು ಸಲ ಕುಲುಕಿಸಿ, ಆಮೇಲೆ ಕೆಳಗೆ ತೂರಿ ಬಿಗಿ ಮಾಡಿದೆವು. ಯು ಬೋಲ್ಟಿನ ನಟ್ಟುಗಳನ್ನು ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವೇ. ಹಳೆಯ ಯು ಬೋಲ್ಟ್ ಮತ್ತೆ ಹಾಕಬಾರದು, ಒಮ್ಮೆ ಎಳೆದುಕೊಂಡ ಎಳೆ ಮತ್ತೆ ಅದೇ ಬಿಗಿ ಕೊಡುವುದಿಲ್ಲ.

ಅಳತೆ ತೆಗೆದೆವು. ಮುಂದೆ ಎಡಕ್ಕೆ 22 ಕಾಲು, ಬಲಕ್ಕೆ 22 ಅರ್ಧ. ಹಿಂದೆ 23 ಅರ್ಧ. ಮುಂದೆ ಬಯಸಿದ ಎರಡೂವರೆ ಇಂಚು ಸರಿಯಾಗಿ ಸಿಕ್ಕಿತ್ತು.

ಇಷ್ಟಕ್ಕೆ ಕೆಲಸ ಮುಗಿಯಿತು ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಎತ್ತರ ಬಂದ ಕೂಡಲೇ ಉಳಿದ ಭಾಗಗಳ ಕೋನವೆಲ್ಲ ಬದಲಾಗಿರುತ್ತದೆ. ಮನೆಯ ಬೀದಿಯಲ್ಲೇ ಒಂದು ಸುತ್ತು ಹಾಕಿದಾಗ ಎರಡು ವಿಷಯ ಗೊತ್ತಾಯಿತು. ಸ್ಟೀರಿಂಗ್ ಹಗುರವಾಗಿ, ಎಲ್ಲೆಲ್ಲೋ ತೇಲುತ್ತಿತ್ತು, ತಿರುವಿನಿಂದ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ. ಮತ್ತೆ, ನಿಂತಲ್ಲಿಂದ ಹೊರಡುವಾಗ ಸೀಟಿನ ಕೆಳಗೆ ಗುಡುಗುಡು ನಡುಕ.

ನಡುಕದ ಕಾರಣ ಪ್ರೊಪೆಲ್ಲರ್ ಶಾಫ್ಟ್, ಇಂಜಿನ್ನಿನ ಶಕ್ತಿಯನ್ನು ಹಿಂದಿನ ಆಕ್ಸಲಿಗೆ ಒಯ್ಯುವ ಉದ್ದ ಕಂಬಿ. ಈ ಗಾಡಿಯಲ್ಲಿ ಅದು ಎರಡು ತುಂಡು, ನಡುವೆ ಸೆಂಟರ್ ಬೇರಿಂಗ್. ಹಿಂದಿನ ಭಾಗ ಎತ್ತರವಾದಾಗ ಆ ಜಾಯಿಂಟಿನ ಕೋನ ಜಾಸ್ತಿಯಾಗುತ್ತದೆ. ಬೇರಿಂಗ್ ಕೂತ ಜಾಗದಲ್ಲಿ ಅರ್ಧ ಇಂಚು ದಪ್ಪದ ಬಿಲ್ಲೆ ಕೊಟ್ಟು, ಬೋಲ್ಟ್ ಸ್ವಲ್ಪ ಉದ್ದದ್ದು ಹಾಕಿ ಕೆಳಗಿಳಿಸಿದೆ. ನಡುಕ ಹೋಯಿತು. ಅರ್ಧ ಗಂಟೆಯ ಕೆಲಸ.

ಸ್ಟೀರಿಂಗಿನದು ಹಾಗಲ್ಲ. ಅದು ಅಲೈನ್‌ಮೆಂಟ್. ಸೋಮವಾರ ನಿಧಾನಕ್ಕೆ ಹತ್ತಿರದ ವರ್ಕ್‌ಶಾಪಿಗೆ ಓಡಿಸಿಕೊಂಡು ಹೋದೆ. ಕ್ಯಾಸ್ಟರ್ ಎಡಕ್ಕೆ 0.9 ಡಿಗ್ರಿ, ಬಲಕ್ಕೆ 1.1 ಅಂತ ಬಂತು. ಕ್ಯಾಸ್ಟರ್ ಅಂದರೆ ಚಕ್ರ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ. ಸೈಕಲ್ಲಿನ ಮುಂದಿನ ಫೋರ್ಕ್ ವಾಲಿರುತ್ತದಲ್ವಾ, ಕೈ ಬಿಟ್ಟರೂ ನೇರ ಹೋಗುವುದಕ್ಕೆ ಅದು ಸಹಾಯ ಮಾಡುತ್ತದೆ. ನನಗೆ ಎರಡರ ಮೇಲೆ ಬೇಕಿತ್ತು. ಲೋವರ್ ಆರ್ಮಿನ ಬುಡದಲ್ಲಿ ತೂತು ನಟ್ಟನಡುವೆ ಇರದ ಬಿಲ್ಲೆ ಇರುವ ಬೋಲ್ಟ್‌ಗಳಿವೆ, ಕ್ಯಾಮ್ ಬೋಲ್ಟ್. ಅವನ್ನು ತಿರುಗಿಸಿದರೆ ಆರ್ಮ್ ಹಿಂದೆ ಮುಂದೆ ಸರಿದು ಕೋನ ಬದಲಾಗುತ್ತದೆ. ಅಲ್ಲಿನ ಮೆಕ್ಯಾನಿಕ್ ತಿರುಗಿಸಲು ನೋಡಿದ. ನಟ್ಟು ಬಂತು, ಬೋಲ್ಟ್ ಅಲುಗಲಿಲ್ಲ. ಬುಷ್ ಒಳಗಿನ ಕಬ್ಬಿಣದ ಕೊಳವೆಗೂ ಬೋಲ್ಟಿಗೂ ತುಕ್ಕು ಹತ್ತಿ ಎರಡೂ ಒಂದೇ ತುಂಡಾಗಿದ್ದವು. ನಾನು ಒಂದು ವಾರ ಎಣ್ಣೆ ಹೊಡೆದದ್ದು ಬಿಚ್ಚಬೇಕಾದ ನಟ್ಟುಗಳಿಗೆ. ಇವನ್ನು ಬಿಚ್ಚುವುದಿಲ್ಲ ಅಂತ ಇವಕ್ಕೆ ಹೊಡೆದಿರಲಿಲ್ಲ. ನೀವು ಈ ಕೆಲಸಕ್ಕೆ ಇಳಿಯುವುದಾದರೆ ಮೊಟ್ಟಮೊದಲು ನೋಡಬೇಕಾದ್ದು ಈ ನಾಲ್ಕು ಬೋಲ್ಟುಗಳನ್ನೇ.

ಮೂರನೇ ವಾರಾಂತ್ಯ ಪೂರ್ತಿ ಅದಕ್ಕೇ ಹೋಯಿತು. ಕಾಯಿಸಿದೆವು, ಬಡಿದೆವು, ಎರಡು ಮಾತ್ರ ಬಂದವು. ಉಳಿದ ಎರಡನ್ನು ಕತ್ತರಿಸದೆ ದಾರಿಯಿರಲಿಲ್ಲ. ಪವರ್ ಗರಗಸದ ಬ್ಲೇಡನ್ನು ಆರ್ಮಿಗೂ ಚಾಸಿಯ ಕಿವಿಗೂ ನಡುವಿನ ಬೆರಳು ಅಗಲದ ಸಂದಿಯಲ್ಲಿ ತೂರಿಸಿ ಕೊಯ್ದೆವು. ಒಂದು ಬೋಲ್ಟಿಗೆ ಎರಡು ಕಡೆ ಕೊಯ್ಯಬೇಕು. ಒಂದೊಂದು ಕೊಯ್ತಕ್ಕೂ ಮೂರು ಬ್ಲೇಡ್ ಸವೆದವು. ಕಿಡಿ ಹಾರುತ್ತಿತ್ತು, ಅದಕ್ಕೇ ಪಕ್ಕದಲ್ಲಿ ಬಕೆಟ್ ನೀರು, ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡಿದ್ದೆವು, ಕಣ್ಣಿಗೆ ಕನ್ನಡಕ. ಕೊನೆಯ ತುಂಡು ಭಾನುವಾರ ಸಂಜೆ ಆರಕ್ಕೆ ಕೆಳಗೆ ಬಿತ್ತು. ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ಬೋಲ್ಟ್ ಎಲ್ಲಿ ಮುಗಿಯಿತು, ಕೊಳವೆ ಎಲ್ಲಿ ಶುರುವಾಯಿತು ಅಂತ ಗೆರೆಯೇ ಇಲ್ಲ. ಹೊಸ ಬುಷ್, ಹೊಸ ಕ್ಯಾಮ್ ಬೋಲ್ಟ್ ಹಾಕುವಾಗ ಬೋಲ್ಟಿನ ಮೈಗೆಲ್ಲ ತುಕ್ಕು ತಡೆಯುವ ಗ್ರೀಸ್ ಬಳಿದೆ. ಬಿಗಿ ಮಾಡಿದ್ದು, ಚಿಕ್ಕಪ್ಪ ಹೇಳಿದ ಹಾಗೇ, ಗಾಡಿ ನೆಲಕ್ಕಿಳಿದ ಮೇಲೆ. ಮತ್ತೆ ಅಲೈನ್‌ಮೆಂಟ್ ಮಾಡಿಸಿದಾಗ ಕ್ಯಾಸ್ಟರ್ 2.4 ಮತ್ತು 2.6ಕ್ಕೆ ನಿಂತಿತು. ಹೈವೇಯಲ್ಲಿ ಗಾಡಿ ಮತ್ತೆ ನೇರ ಓಡಿತು.

ಹೆಡ್‌ಲೈಟ್ ಬಗ್ಗೆ ಒಂದು ಮಾತು. ಮೂತಿ ಎತ್ತರವಾದರೆ ಬೆಳಕು ಎದುರಿನವರ ಕಣ್ಣಿಗೆ ಹೋಗುತ್ತದೆ. ಎತ್ತರಿಸಿದ ಗಾಡಿಯವರು ಇದನ್ನು ಸರಿಮಾಡಿಕೊಳ್ಳದೆ ಓಡಾಡುವುದು ನೋಡಿದರೆ ನನಗೆ ಬೇಜಾರಾಗುತ್ತದೆ. ಗೋಡೆಯಿಂದ 25 ಅಡಿ ದೂರ ನಿಲ್ಲಿಸಿ, ಟೇಪ್ ಅಂಟಿಸಿ, ಸ್ಕ್ರೂ ತಿರುಗಿಸಿ ಇಳಿಸುವುದಕ್ಕೆ ಹತ್ತು ನಿಮಿಷ ಸಾಕು.

ಚಿಕ್ಕಪ್ಪನ ಮಗ ಊರಿನಲ್ಲಿ ಪಿಕಪ್ ಇಟ್ಟಿದ್ದಾನೆ. ಫೋಟೊ ನೋಡಿ "ಅಣ್ಣಾ, ನಂದಕ್ಕೂ ಹಾಕಿಸ್ಲಾ" ಅಂತ ಕೇಳಿದ. ಅಲ್ಲಿ ಸುಮ್ನೆ ಹಾಕಿಸಿಬಿಡುವ ಹಾಗಿಲ್ಲ ಅಂತ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಆರ್‌ಟಿಒದಲ್ಲಿ ವಿಚಾರಿಸದೆ ಕೈ ಹಾಕಬೇಡ ಅಂದೆ.

ಎತ್ತರದ ಗಾಡಿ ಓಡಿಸುವ ರೀತಿಯೂ ಬದಲಾಗಬೇಕು. ಭಾರದ ಕೇಂದ್ರ ಮೇಲೆ ಹೋಗಿದೆ, ತಿರುವಿನಲ್ಲಿ ಮೊದಲಿಗಿಂತ ಜಾಸ್ತಿ ವಾಲುತ್ತದೆ. ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಇದಕ್ಕೆ ನಾನು ಒಪ್ಪಿಯೇ ಮಾಡಿದ್ದು.

500 ಮೈಲಿ ಓಡಿದ ಮೇಲೆ ಎಲ್ಲ ನಟ್ಟನ್ನೂ ಮತ್ತೊಮ್ಮೆ ಟಾರ್ಕ್ ರೆಂಚಿನಲ್ಲಿ ನೋಡಬೇಕು. ಯು ಬೋಲ್ಟಿನ ಎಂಟು ನಟ್ಟಿನಲ್ಲಿ ಮೂರು ನಟ್ಟು ತಲಾ ಕಾಲು ಸುತ್ತು ತೆಗೆದುಕೊಂಡವು. ಪ್ಲೇಟುಗಳು ಒಂದರ ಮೇಲೊಂದು ಕೂತುಕೊಳ್ಳುವಾಗ ಹಾಗಾಗುತ್ತದೆ. ಹಿಂದಿನ ಎತ್ತರವೂ ಕಾಲು ಇಂಚು ಇಳಿದಿತ್ತು. ಆ ಮೂರಕ್ಕೆ ಹಳೆಯ ಗೆರೆ ಅಳಿಸಿ ಹೊಸ ಗೆರೆ.

ಆಗಸ್ಟ್‌ನಲ್ಲಿ ಮತ್ತೆ ಮಾಸ್ಕಿಟೊ ಪಾಸ್‌ಗೆ ಹೋದೆವು, ಈ ಸಲ ಗೆಳೆಯನ ಗಾಡಿಯೂ ಹಿಂದೆಯೇ ಇತ್ತು. ಟೈರಿನ ಗಾಳಿ 20 ಪಿಎಸ್‌ಐಗೆ ಇಳಿಸಿ, ವೇಗ ಕಮ್ಮಿ ಎಳೆತ ಜಾಸ್ತಿ ಕೊಡುವ ಲೋ ರೇಂಜ್ ಗೇರ್ ಹಾಕಿ ಹತ್ತಿದೆ. ಕಲ್ಲಿನ ಮೆಟ್ಟಿಲುಗಳಿದ್ದ ಕಡೆ ಹೆಂಡತಿ ಇಳಿದು ಮುಂದೆ ನಿಂತು, ಯಾವ ಕಡೆ ತಿರುಗಿಸಬೇಕು ಅಂತ ಕೈ ಮಾಡಿ ತೋರಿಸಿದಳು. ಹೊಟ್ಟೆಗೆ ಒಂದೂ ಬಡಿಯಲಿಲ್ಲ. ತುದಿಯಲ್ಲಿ ಗಾಳಿ ಎಷ್ಟಿತ್ತೆಂದರೆ ಬಾಗಿಲು ತೆರೆಯುವುದೇ ಕಷ್ಟ. ಮಗಳು ಜಾಕೆಟ್ ಹಾಕಿಕೊಂಡು ಇಳಿದವಳು ಬೆಟ್ಟ ನೋಡುವ ಮೊದಲು ಟಾರ್ಚ್ ಕೇಳಿದಳು. ನೆಲಕ್ಕೆ ಕೆನ್ನೆ ತಾಗಿಸಿ ಒಂದೊಂದೇ ಚಕ್ರದ ಹಿಂದೆ ಬೆಳಕು ಬಿಟ್ಟು ಎಣಿಸಿದಳು. ಹಿಂದಿನ ಎಡಗಡೆ ಒಂದು ನಟ್ಟಿಗೆ ಕೆಸರು ಮೆತ್ತಿಕೊಂಡಿತ್ತು, ಅದನ್ನು ಬೆರಳಿನಿಂದ ಒರೆಸಿ ನೋಡಿದಳು.

"ಎಲ್ಲಾ ಗೆರೆ ನೆಟ್ಟಗಿದೆ ಅಪ್ಪಾ" ಅಂದಳು.